ಎಮಿಲಿಯೊ ಕರಾನ್ಸಾ: ಗುಡುಗುಮೋಡದೊಳಗೆ ಹೊಕ್ಕ ಮೆಕ್ಸಿಕೊದ ಪೈಲಟ್

1928ರ ಜುಲೈ 12ರ ಸಂಜೆ, ಏಳು ಗಂಟೆ ದಾಟಿದ ಮೇಲೆ, ನ್ಯೂಯಾರ್ಕಿನ ಮಗ್ಗುಲಲ್ಲಿರುವ ಲಾಂಗ್ ಐಲೆಂಡಿನ ರೂಸ್‌ವೆಲ್ಟ್ ಫೀಲ್ಡ್‌ನಿಂದ ಒಂಟಿ ಎಂಜಿನ್ನಿನ ಪುಟ್ಟ ವಿಮಾನವೊಂದು ಮೇಲೆದ್ದಿತು. ಅದರ ಹೆಸರು ‘ಮೆಕ್ಸಿಕೊ–ಎಕ್ಸೆಲ್ಸಿಯೊರ್’. ಎಲ್ಲೂ ಇಳಿಯದೆ ಮೆಕ್ಸಿಕೊ ನಗರ ಸೇರಬೇಕಿತ್ತು. ನೇರ ಗೆರೆ ಎಳೆದರೆ ಸುಮಾರು 3,360 ಕಿ.ಮೀ. ಹಾರಿದ್ದು 140 ಕಿ.ಮೀ. ಆಸುಪಾಸು, ಅಂದರೆ ಒಂದು ಗಂಟೆಯೂ ತುಂಬದ ಹಾದಿ. ಮರುದಿನ ನ್ಯೂಜೆರ್ಸಿಯ ಪೈನ್ ಕಾಡಿನಲ್ಲಿ ಕಾಡುಹಣ್ಣು ಬಿಡಿಸಲು ಹೋದವರಿಗೆ ವಿಮಾನದ ಚೂರುಗಳೂ ಪೈಲಟ್‌ನ ಶವವೂ ಸಿಕ್ಕವು. ಕ್ಯಾಪ್ಟನ್ ಎಮಿಲಿಯೊ ಕರಾನ್ಸಾಗೆ ಆಗ 22 ವರ್ಷ.

ಮೆಕ್ಸಿಕೊದಲ್ಲಿ ಇವನ ಕತೆ ವೀರಗಾಥೆಯಾಗಿ ಉಳಿದಿದೆ. ಹವಾಮಾನ ಹದಗೆಟ್ಟಿದ್ದರೂ ಹೊರಟೇಬಿಡು ಎಂದು ಯುದ್ಧಖಾತೆಯ ಜನರಲ್ ಒಬ್ಬರು ತಂತಿ ಕಳಿಸಿ, ಗಂಡಸುತನವನ್ನೇ ಪ್ರಶ್ನಿಸಿದರು ಎಂಬ ಮಾತು ಅಂದಿನಿಂದ ಇಂದಿನವರೆಗೂ ಓಡಾಡುತ್ತಿದೆ. ನಾಟಕಕ್ಕೆ ಹೇಳಿ ಮಾಡಿಸಿದ ಮಾತು ಅದು. ಆದರೆ ಆ ತಂತಿ ಇತ್ತೋ ಇಲ್ಲವೋ, ವಿಮಾನ ಯಾಕೆ ಬಿತ್ತು ಎಂಬುದಕ್ಕೆ ಅದು ಉತ್ತರವಲ್ಲ. ತಂತಿ ಹೆಚ್ಚೆಂದರೆ ಯಾಕೆ ಹೊರಟ ಎನ್ನುವುದನ್ನು ಹೇಳೀತು. ಬಿದ್ದದ್ದಕ್ಕೆ ಕಾರಣವನ್ನು ಪೆಟ್ರೋಲಿನ ತೂಕದಲ್ಲಿ, ಜುಲೈ ತಿಂಗಳ ಸಂಜೆಯ ಗಾಳಿಯಲ್ಲಿ, ಮನುಷ್ಯನ ಒಳಕಿವಿಯಲ್ಲಿ ಹುಡುಕಬೇಕು. ಜೊತೆಗೆ, ಆ ಹೊತ್ತಿಗೆ ಅವನಂಥ ಪೈಲಟ್‌ಗಳ ಮುಂದೆ ಇರದ ಒಂದು ಗಡಿಯಾರದಗಲದ ಉಪಕರಣವೂ ಲೆಕ್ಕಕ್ಕೆ ಬರುತ್ತದೆ.

ಮನೆತನ ಮತ್ತು ಮೈದಾನ

ಎಮಿಲಿಯೊ ಹುಟ್ಟಿದ್ದು 1905ರ ಡಿಸೆಂಬರ್ 9ರಂದು, ಉತ್ತರ ಮೆಕ್ಸಿಕೊದ ಕೊವಾವಿಲಾ ರಾಜ್ಯದ ರಾಮೋಸ್ ಅರಿಸ್ಪೆಯಲ್ಲಿ. ಕ್ರಾಂತಿಯ ಕಾಲದಲ್ಲಿ ದೇಶದ ಅಧ್ಯಕ್ಷನಾದ ವೆನುಸ್ತಿಯಾನೊ ಕರಾನ್ಸಾ ಇವನಿಗೆ ಅಜ್ಜನ ವರಸೆ. ಮೆಕ್ಸಿಕೊದ ಸೈನಿಕ ವಾಯುದಳ ಹುಟ್ಟಿದ್ದೇ ವೆನುಸ್ತಿಯಾನೊ 1915ರ ಫೆಬ್ರವರಿಯಲ್ಲಿ ಹೊರಡಿಸಿದ ಆದೇಶದಿಂದ. ಅದನ್ನು ಕಟ್ಟುವ ಹೊಣೆ ಹೊತ್ತವನು ಇದೇ ಬಳಗದ ಅಲ್ಬೆರ್ತೊ ಸಲಿನಾಸ್ ಕರಾನ್ಸಾ. ಈ ಅಲ್ಬೆರ್ತೊ 1912ರಲ್ಲಿ ಹಾರಲು ಕಲಿತದ್ದು ಲಾಂಗ್ ಐಲೆಂಡಿನ ಬಯಲಿನಲ್ಲಿ, ಮೊಯ್ಸಾಂಟ್ ಶಾಲೆಯಲ್ಲಿ. ರೂಸ್‌ವೆಲ್ಟ್ ಫೀಲ್ಡ್ ಇದ್ದದ್ದೂ ಅದೇ ಬಯಲಿನಲ್ಲಿ. ಈ ಬಯಲನ್ನು ನೆನಪಿನಲ್ಲಿಡಿ, ಮತ್ತೆ ಮತ್ತೆ ಬರುತ್ತದೆ.

1920ರ ಮೇ ತಿಂಗಳಲ್ಲಿ ವೆನುಸ್ತಿಯಾನೊ ಅಧಿಕಾರ ಕಳೆದುಕೊಂಡು, ಓಡುವ ದಾರಿಯಲ್ಲೇ ಕೊಲೆಯಾದ. ಅವನನ್ನು ಉರುಳಿಸಿದ ಬಣದ ಮುಂದಾಳು ಅಲ್ವಾರೊ ಒಬ್ರೆಗೊನ್. ವಿಚಿತ್ರ ನೋಡಿ: ಮೊಮ್ಮಗನ ವರಸೆಯ ಹುಡುಗ ಮುಂದೆ ಸೇರಿದ್ದು ಆ ಗೆದ್ದವರ ಸೈನ್ಯವನ್ನೇ. ಮೆಕ್ಸಿಕೊ ನಗರದ ಬಲ್ಬುವೆನಾ ಮೈದಾನದ ಸೈನಿಕ ಹಾರಾಟ ಶಾಲೆಯಲ್ಲಿ ತರಬೇತಿ ಮುಗಿಸಿ, ಸರ್ಕಾರದ ಪರವಾಗಿ, ಅದೋಲ್ಫೊ ದೇಲಾ ವೆರ್ತಾ ಎಂಬ ನಾಯಕ ಎಬ್ಬಿಸಿದ ದಂಗೆಯ ವಿರುದ್ಧ, ಆಮೇಲೆ ಸೊನೊರಾದಲ್ಲಿ ಯಾಕಿ ಬುಡಕಟ್ಟಿನವರ ವಿರುದ್ಧ ಹಾರಿದ. ಸೊನೊರಾದಲ್ಲಿ ಒಮ್ಮೆ ವಿಮಾನ ಬಿದ್ದು ಮುಖದ ಮೂಳೆ ಮುರಿಯಿತು. ವೈದ್ಯರು ಪ್ಲಾಟಿನಮ್ ತಿರುಪು ಹಾಕಿ ಜೋಡಿಸಿದರು. ಯಾಕಿಗಳ ಮೇಲಿನ ಆ ಕಾರ್ಯಾಚರಣೆಯನ್ನು ವೀರಗಾಥೆಗಳು ಒಂದೇ ಸಾಲಿನಲ್ಲಿ ದಾಟಿಬಿಡುತ್ತವೆ. ತಮ್ಮ ನೆಲಕ್ಕಾಗಿ ಹೋರಾಡುತ್ತಿದ್ದ ಜನರ ಮೇಲೆ ನಡೆದ ದಂಡಯಾತ್ರೆ ಅದು ಎನ್ನುವುದನ್ನು ಹೇಳಿಯೇ ಮುಂದೆ ಹೋಗಬೇಕು.

ಬಲ್ಬುವೆನಾದಲ್ಲಿ ಹಾರಲು ಕಲಿತವನಿಗೆ ಒಂದು ಪಾಠ ಮೊದಲ ದಿನವೇ ಸಿಗುತ್ತದೆ: ತೆಳು ಗಾಳಿ. ಮೆಕ್ಸಿಕೊ ನಗರ ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಆ ಊರಿನ ಬೀದಿಗಳು 300 ಮೀಟರ್ ಮೇಲಿವೆ. ಅಲ್ಲಿನ ಗಾಳಿಯ ಸಾಂದ್ರತೆ ಕರಾವಳಿಯದಕ್ಕಿಂತ ಐದನೇ ಒಂದು ಪಾಲಿಗೂ ಹೆಚ್ಚು ಕಡಿಮೆ. ಇದರಿಂದ ಮೂರು ಪೆಟ್ಟು ಒಟ್ಟಿಗೆ ಬೀಳುತ್ತವೆ. ಸಿಲಿಂಡರಿಗೆ ಹೋಗುವ ಗಾಳಿಯೇ ಕಡಿಮೆಯಾದ್ದರಿಂದ, ಗಾಳಿಯನ್ನು ಒತ್ತಿ ತುಂಬುವ ಸೂಪರ್‌ಚಾರ್ಜರ್ ಇಲ್ಲದ 220 ಅಶ್ವಶಕ್ತಿಯ ಎಂಜಿನ್ ಅಲ್ಲಿ 170ರ ಆಸುಪಾಸು ಕೊಟ್ಟರೆ ಹೆಚ್ಚು. ಪ್ರೊಪೆಲರ್ ಕೂಡ ಹಿಡಿತವಿಲ್ಲದ ಗಾಳಿಯನ್ನು ಕಡೆಯುತ್ತದೆ. ರೆಕ್ಕೆಗೆ ಅಷ್ಟೇ ಭಾರ ಎತ್ತಲು ಶೇ 13ರಷ್ಟು ಹೆಚ್ಚು ವೇಗ ಬೇಕು. ಹೆಚ್ಚು ವೇಗ ಬೇಕು, ತಳ್ಳುವ ಬಲ ಮಾತ್ರ ಕಡಿಮೆ. ಹಾಗಾಗಿ ನೆಲದ ಮೇಲಿನ ಓಟ ಒಂದೂವರೆ ಪಟ್ಟು ದಾಟಿ ಎರಡರ ಹತ್ತಿರ ಹೋಗುತ್ತದೆ. ಯುರೋಪಿನಿಂದ ತಂದ ವಿಮಾನಗಳು ಇಲ್ಲಿ ಮೈದಾನದ ಕೊನೆ ಬಂದರೂ ನೆಲ ಬಿಡದೆ ಮುಗ್ಗರಿಸಿದ್ದು ಇದೇ ಕಾರಣಕ್ಕೆ. ಮೆಕ್ಸಿಕೊದವರು ಸುಮ್ಮನೆ ಕೂರಲಿಲ್ಲ. ಹುವಾನ್ ಗಿಯೆರ್ಮೊ ವಿಯಾಸಾನಾ 1915ರ ಹೊತ್ತಿಗೆ ತೆಳು ಗಾಳಿಗೆ ಹೊಂದುವ ‘ಅನಾವಾಕ್’ ಎಂಬ ಮರದ ಪ್ರೊಪೆಲರ್ ರೂಪಿಸಿದ. ಅದು ಹೊರದೇಶಗಳಿಗೂ ಮಾರಾಟವಾಯಿತು.

ಲಿಂಡ್‌ಬರ್ಗ್ ಬಂದದ್ದು, ಉತ್ತರ ಕೊಡಬೇಕಾದದ್ದು

1927ರ ಸೆಪ್ಟೆಂಬರಿನಲ್ಲಿ ಕರಾನ್ಸಾ ಮೆಕ್ಸಿಕೊ ನಗರದಿಂದ ಅಮೆರಿಕದ ಗಡಿಯ ಸಿಯುದಾದ್ ಹುವಾರೆಸ್‌ವರೆಗೆ, 1,500 ಕಿ.ಮೀ.ಗೂ ಮೀರಿ, ಎಲ್ಲೂ ಇಳಿಯದೆ ಹಾರಿದ. ಹೆಸರಾದದ್ದು ಆಗ. ಅದೇ ವರ್ಷದ ಡಿಸೆಂಬರಿನಲ್ಲಿ, ಮೇ ತಿಂಗಳಲ್ಲಷ್ಟೇ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಹೆಸರಾಗಿದ್ದ ಅಮೆರಿಕದ ಪೈಲಟ್ ಚಾರ್ಲ್ಸ್ ಲಿಂಡ್‌ಬರ್ಗ್ ವಾಷಿಂಗ್ಟನ್‌ನಿಂದ ಮೆಕ್ಸಿಕೊ ನಗರಕ್ಕೆ ಒಂದೇ ಓಟದಲ್ಲಿ ಬಂದಿಳಿದ. 27 ಗಂಟೆ 15 ನಿಮಿಷ ಹಿಡಿಯಿತು. ಕೊನೆಯ ಭಾಗದಲ್ಲಿ ಮಂಜಿಗೆ ಸಿಕ್ಕಿ ದಾರಿ ತಪ್ಪಿ, ರೈಲು ನಿಲ್ದಾಣಗಳ ಬೋರ್ಡು ಓದಲು ಕೆಳಗಿಳಿದು ಹಾರಿದನಂತೆ. ಸಾಲಾಗಿ ಎಲ್ಲ ನಿಲ್ದಾಣಗಳಲ್ಲೂ ‘ಕಬಯೇರೊಸ್’ ಎಂದೇ ಇತ್ತಂತೆ. ಸ್ಪ್ಯಾನಿಷ್‌ನಲ್ಲಿ ಅದು ‘ಗಂಡಸರಿಗೆ’ ಎಂಬ ಶೌಚಾಲಯದ ಬೋರ್ಡು.

ಆ ಭೇಟಿಯ ಹಿಂದೆ ರಾಜಕಾರಣವಿತ್ತು. ಮೆಕ್ಸಿಕೊದ ತೈಲ ಮತ್ತು ನೆಲದ ಕಾನೂನುಗಳಿಂದ ಎರಡೂ ದೇಶಗಳ ಸಂಬಂಧ ಹಳಸಿತ್ತು. ಅಮೆರಿಕದ ಹೊಸ ರಾಯಭಾರಿ ಡ್ವೈಟ್ ಮೊರೊ ಅದನ್ನು ತಿಳಿಗೊಳಿಸಲು ಲಿಂಡ್‌ಬರ್ಗ್‌ನನ್ನು ಕರೆಸಿದ್ದ. ಮನೆಗೆ ಬಂದವರ ಮನೆಗೆ ನಾವೂ ಹೋಗಬೇಕಲ್ಲ? ಮೆಕ್ಸಿಕೊ ನಗರದ ‘ಎಕ್ಸೆಲ್ಸಿಯೊರ್’ ಪತ್ರಿಕೆ ಜನರಿಂದ ಚಂದಾ ಎತ್ತಿತು. ಲಿಂಡ್‌ಬರ್ಗ್‌ನ ‘ಸ್ಪಿರಿಟ್ ಆಫ್ ಸೇಂಟ್ ಲೂಯಿಸ್’ ತಯಾರಾಗಿದ್ದ ಸ್ಯಾನ್ ಡಿಯೇಗೊದ ರಯಾನ್ ಕಾರ್ಖಾನೆಯಿಂದಲೇ ಅದರ ತಂಗಿಯಂಥ ವಿಮಾನ ಬಂತು. ಹಾರಿಸುವವನನ್ನು ಹುಡುಕಬೇಕಿರಲಿಲ್ಲ.

ಈ ವಿಮಾನ ರಯಾನ್ ಬ್ರೌಮ್ ಎಂಬ ಐದು ಸೀಟಿನ ಪ್ರಯಾಣಿಕ ಮಾದರಿಯ ಬಳಗದ್ದು. ದೂರದ ಹಾರಾಟಕ್ಕೆ ಬೇಕಾದ ಬದಲಾವಣೆ ಸರಳ: ಪ್ರಯಾಣಿಕರ ಜಾಗವನ್ನು ಪೆಟ್ರೋಲಿಗೆ ಬಿಡುವುದು. ಎಂಜಿನ್ ರೈಟ್ ವರ್ಲ್‌ವಿಂಡ್ ಜೆ-5. ಚಕ್ರದ ಕಡ್ಡಿಗಳಂತೆ ಸುತ್ತ ಜೋಡಿಸಿದ ಒಂಬತ್ತು ಸಿಲಿಂಡರ್, ಸುಮಾರು 12.9 ಲೀಟರ್ ಸಾಮರ್ಥ್ಯ, 220 ಅಶ್ವಶಕ್ತಿ. ಆ ಕಾಲದ ದೂರದ ಹಾರಾಟಗಾರರು ಇದನ್ನೇ ಬಯಸಲು ಕಾರಣವಿದೆ. ನೀರಿನಿಂದ ತಂಪಾಗುವ ಎಂಜಿನ್‌ಗಳಲ್ಲಿ ರೇಡಿಯೇಟರ್ ಸೋರಿದರೆ, ಒಂದು ರಬ್ಬರ್ ಕೊಳವೆ ಬಿರಿದರೆ ಕತೆ ಮುಗಿಯಿತು. ಇದರಲ್ಲಿ ನೀರೇ ಇಲ್ಲ, ಗಾಳಿಯೇ ತಂಪು ಮಾಡುತ್ತದೆ. ಹೊಗೆ ಹೊರಹೋಗುವ ವಾಲ್ವ್‌ಗಳು ಮೊದಲೆಲ್ಲ ಕಾದು ಸುಟ್ಟುಹೋಗುತ್ತಿದ್ದವು. ಅವುಗಳ ಟೊಳ್ಳು ಕಾಂಡದೊಳಗೆ ಕರಗುವ ವಸ್ತು ತುಂಬಿ ಶಾಖವನ್ನು ಹೊರಗೆ ಸಾಗಿಸುವ ಉಪಾಯ ಇದರಲ್ಲಿ ಬಂತು. ಪ್ರತಿ ಸಿಲಿಂಡರಿಗೆ ಎರಡು ಸ್ಪಾರ್ಕ್ ಪ್ಲಗ್, ಅವಕ್ಕೆ ಕಿಡಿಯ ವಿದ್ಯುತ್ ಒದಗಿಸುವ ಮ್ಯಾಗ್ನೆಟೊ ಒಟ್ಟು ಎರಡು. ಒಂದು ಕೈಕೊಟ್ಟರೂ ಇನ್ನೊಂದು ನಡೆಸುತ್ತದೆ. ಇದರಲ್ಲಿ ಪದೇ ಪದೇ ಕಾಳಜಿ ಬೇಡುತ್ತಿದ್ದದ್ದು ಸಿಲಿಂಡರಿನ ತಲೆಯ ಮೇಲೆ ವಾಲ್ವ್ ತೆರೆಯುವ ರಾಕರ್ ಆರ್ಮ್‌ಗಳು. ಅವಕ್ಕೆ ಗ್ರೀಸ್ ಕಡಿಮೆಯಾದರೆ ಸವೆತ ಶುರು, ಗಾಳಿಯಲ್ಲಿ ಹೋಗಿ ಹಚ್ಚಲು ಆಗುವುದಿಲ್ಲ.

ಸಾವಿರಾರು ಕಿಲೋಮೀಟರ್ ಹಾರಿಸಬಲ್ಲ ಎಂಜಿನ್ ಸಿಕ್ಕಿತ್ತು. ಕಣ್ಣು ಕಾಣದಾಗ ಹಾರಿಸುವ ಉಪಕರಣ ಇನ್ನೂ ಸಿಕ್ಕಿರಲಿಲ್ಲ. 1927–28ರಲ್ಲಿ ಸತ್ತ ದೂರದ ಹಾರಾಟಗಾರರಲ್ಲಿ ಹಲವರು ಈ ಎರಡರ ನಡುವಿನ ಸಂದಿಗೇ ಬಿದ್ದವರು ಎಂದು ನನ್ನ ಅಂದಾಜು.

ಪೆಟ್ರೋಲಿನ ಲೆಕ್ಕ

ಮೇ 24ರಂದು ಸ್ಯಾನ್ ಡಿಯೇಗೊ ಬಿಟ್ಟ ಕರಾನ್ಸಾ 25ರಂದು ಮೆಕ್ಸಿಕೊ ನಗರ ಮುಟ್ಟಿದ. 2,535 ಕಿ.ಮೀ., ಹದಿನೆಂಟೂವರೆ ಗಂಟೆ. ಭಾಗಿಸಿ ನೋಡಿದರೆ ಗಂಟೆಗೆ 137 ಕಿ.ಮೀ. ಅಂದಿನವರೆಗಿನ ಒಂಟಿ ಹಾರಾಟಗಳಲ್ಲಿ, ನಡುವೆ ಇಳಿಯದೆ ಹಾರಿದ ದೂರದ ಲೆಕ್ಕದಲ್ಲಿ, ಇದು ಮೂರನೆಯದು ಎಂದು ಎಣಿಸುತ್ತಾರೆ. ವಿಮಾನವನ್ನು ತಂದುಕೊಂಡಂತೆಯೂ ಆಯಿತು, ಪರೀಕ್ಷಿಸಿದಂತೆಯೂ ಆಯಿತು. ದಿಕ್ಕು ಕೂಡ ಅನುಕೂಲಕರ. ತುಂಬಿದ ಟ್ಯಾಂಕಿನೊಂದಿಗೆ ಸಮುದ್ರಮಟ್ಟದ ದಟ್ಟ ಗಾಳಿಯಲ್ಲಿ ಏರುವುದು, ಟ್ಯಾಂಕು ಬರಿದಾದ ಮೇಲೆ ಎತ್ತರದ ತೆಳು ಗಾಳಿಯಲ್ಲಿ ಇಳಿಯುವುದು. ಇದರ ತದ್ವಿರುದ್ಧ ಜೂನ್ 11ರ ಹೊರಡುವಿಕೆ: ಬಲ್ಬುವೆನಾದಿಂದಲೇ, ಪೂರ್ತಿ ಭಾರ ಹೊತ್ತು, ಸೊರಗಿದ ಎಂಜಿನ್‌ನೊಂದಿಗೆ ಮೇಲೇಳಬೇಕು. ಅವನು ಎದ್ದ. ನನ್ನನ್ನು ಕೇಳಿದರೆ ಅವನ ಕೈಚಳಕ ತೋರುವುದು ಸ್ಯಾನ್ ಡಿಯೇಗೊದ ದಾಖಲೆಗಿಂತ ಆ ಟೇಕ್‌ಆಫ್‌ನಲ್ಲಿ.

ತೂಕದ ಅಂದಾಜು ಬೇಕಿದ್ದರೆ ಲಿಂಡ್‌ಬರ್ಗ್‌ನ ವಿಮಾನ ಅಳತೆಗೋಲು. ಖಾಲಿ ಇದ್ದಾಗ 975 ಕಿಲೊ, ಅಟ್ಲಾಂಟಿಕ್ ದಾಟಲು ಹೊರಟಾಗ 2,330 ಕಿಲೊ. ಅದರಲ್ಲಿ ಸುಮಾರು 1,700 ಲೀಟರ್ ಪೆಟ್ರೋಲೇ 1,200 ಕಿಲೊ ದಾಟುತ್ತದೆ. ಮೂವತ್ತಮೂರೂವರೆ ಗಂಟೆಯ ಆ ಹಾರಾಟದಲ್ಲಿ ಗಂಟೆಗೆ 41 ಲೀಟರಿನಂತೆ ಖರ್ಚಾಯಿತು. ಇದೇ ಎಂಜಿನ್ನಿಗೆ ನ್ಯೂಯಾರ್ಕ್–ಮೆಕ್ಸಿಕೊ ನಗರದ ಲೆಕ್ಕ ಹಾಕಿ: 3,360 ಕಿ.ಮೀ.ಯನ್ನು ಗಂಟೆಗೆ 150ರಂತೆ ಹಾರಿದರೆ ಇಪ್ಪತ್ತೆರಡೂವರೆ ಗಂಟೆ, 920 ಲೀಟರ್ ಪೆಟ್ರೋಲ್. ಎದುರುಗಾಳಿಗೂ ದಾರಿ ತಪ್ಪುವುದಕ್ಕೂ ಐದನೇ ಒಂದು ಪಾಲು ಸೇರಿಸಿದರೆ 1,100 ಲೀಟರ್. ಲೀಟರಿಗೆ 0.72 ಕಿಲೊ ಹಿಡಿದರೆ ಸುಮಾರು 800 ಕಿಲೊ. ಖಾಲಿ ವಿಮಾನದ ತೂಕಕ್ಕೆ ಹತ್ತಿರ ಹತ್ತಿರ ಬರುವಷ್ಟು ಭಾರ ಟ್ಯಾಂಕಿನಲ್ಲೇ.

ಹೊರಟ ಮೊದಲ ಗಂಟೆಯಲ್ಲಿ ಈ ಭಾರ ಕರಗಿರುವುದಿಲ್ಲ, ಕೇವಲ 30 ಕಿಲೊ ಇಳಿದಿರುತ್ತದೆ. ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುವ ಕನಿಷ್ಠ ವೇಗ ತೂಕದ ವರ್ಗಮೂಲದ ಪ್ರಕಾರ ಏರುತ್ತದೆ: ಹಗುರವಿದ್ದಾಗ 80 ಕಿ.ಮೀ. ಇದ್ದರೆ, ತೂಕ 1.8 ಪಟ್ಟಾದಾಗ 107. ಹಾರುವ ವೇಗಕ್ಕೂ ಬೀಳುವ ವೇಗಕ್ಕೂ ನಡುವಿನ ಅಂತರ ಅಷ್ಟರಮಟ್ಟಿಗೆ ಕಿರಿದು. ಮೇಲೇರುವುದೂ ಆಮೆವೇಗದಲ್ಲಿ, ಸೆಕೆಂಡಿಗೆ ಒಂದೆರಡು ಮೀಟರ್. ದೂರದ ಹಾರಾಟದಲ್ಲಿ ವಿಮಾನ ಅತ್ಯಂತ ಬಡಪಾಯಿಯಾಗಿರುವುದು ಮನೆಗೆ ಹತ್ತಿರವಿರುವಾಗಲೇ.

ಜೂನ್ 11ರ ಹಾರಾಟಕ್ಕೆ ಮತ್ತೆ ಬರೋಣ. ಗುರಿ ವಾಷಿಂಗ್ಟನ್, ನಡುವೆ ಇಳಿಯುವ ಯೋಚನೆ ಇರಲಿಲ್ಲ. ಉತ್ತರ ಕ್ಯಾರೊಲಿನಾ ತಲುಪುವ ಹೊತ್ತಿಗೆ ಮಂಜು ಕವಿಯಿತು. ಕರಾನ್ಸಾ ಹಟ ಹಿಡಿಯಲಿಲ್ಲ. ಮೂರ್ಸ್‌ವಿಲ್ ಎಂಬ ಊರಿನ ಹತ್ತಿರ ಇಳಿಸಿದ, ಮಂಜು ಕರಗಿದ ಮೇಲೆ ಮತ್ತೆ ಏರಿ ಜೂನ್ 12ರಂದು ವಾಷಿಂಗ್ಟನ್ನಿನ ಬೋಲಿಂಗ್ ಫೀಲ್ಡ್ ಸೇರಿದ. ನಿಲ್ಲದ ಹಾರಾಟದ ದಾಖಲೆ ಕೈತಪ್ಪಿತು, ವಿಮಾನವೂ ಮನುಷ್ಯನೂ ಉಳಿದರು. ಹುಂಬ, ಹುಡುಗುಬುದ್ಧಿ ಎಂದೆಲ್ಲ ಅವನನ್ನು ತಳ್ಳಿಹಾಕುವವರು ಈ ಇಳಿಸುವಿಕೆಯನ್ನು ಮರೆಯುತ್ತಾರೆ. ಕಾಣದಿದ್ದಾಗ ಏನು ಮಾಡಬೇಕೆಂದು ಅವನಿಗೆ ಗೊತ್ತಿತ್ತು: ಇಳಿಯಬೇಕು.

ಅಮೆರಿಕದಲ್ಲಿ ಅವನಿಗೆ ಭಾರಿ ಸತ್ಕಾರ. ಪತ್ರಿಕೆಗಳು ಮೆಕ್ಸಿಕೊದ ಲಿಂಡ್‌ಬರ್ಗ್ ಎಂದು ಕರೆದವು, ಲಿಂಡ್‌ಬರ್ಗ್‌ನೇ ಜೊತೆಯಲ್ಲಿ ಹಾರಿದ. ಹಿಂದಿರುಗುವುದು ಮಾತ್ರ ದಿನದಿಂದ ದಿನಕ್ಕೆ ಮುಂದಕ್ಕೆ ಹೋಯಿತು, ಹವಾಮಾನ ಒಪ್ಪಲಿಲ್ಲ. ಬಂದ ದಾರಿಯಲ್ಲಿ ದಾಖಲೆ ತಪ್ಪಿದೆ, ಹೋಗುವ ದಾರಿಯಲ್ಲಾದರೂ ಒಂದೇ ಓಟ ಆಗಬೇಕು, ಮನೆಯಲ್ಲಿ ಇಡೀ ದೇಶ ಕಾಯುತ್ತಿದೆ. ಜನರಲ್‌ನ ತಂತಿಯೇ ಬೇಕಿಲ್ಲ. ಇಷ್ಟು ಒತ್ತಡ ಸಾಕು.

ಸಂಜೆ ಏಳರ ಆಕಾಶ

ಸಂಜೆ ಹೊರಡುವುದರಲ್ಲಿ ಒಂದು ಲೆಕ್ಕವಿದೆ. ಇಪ್ಪತ್ತೆರಡು–ಇಪ್ಪತ್ತಮೂರು ಗಂಟೆಯ ಹಾರಾಟ ರಾತ್ರಿಯೊಂದನ್ನು ತಿಂದೇ ತಿನ್ನುತ್ತದೆ. ಆ ರಾತ್ರಿ ಎಲ್ಲಿ ಕಳೆಯಬೇಕು ಎಂಬುದಷ್ಟೇ ಪ್ರಶ್ನೆ. ಅಮೆರಿಕದ ಪೂರ್ವಭಾಗದಲ್ಲಿ ಅಂಚೆ ವಿಮಾನಗಳಿಗಾಗಿ ಸುಮಾರು ಹತ್ತು ಮೈಲಿಗೊಂದರಂತೆ ತಿರುಗುವ ದೀಪದ ಗೋಪುರಗಳನ್ನು ನಿಲ್ಲಿಸುತ್ತಿದ್ದ ಕಾಲ ಅದು. ನ್ಯೂಯಾರ್ಕ್–ಅಟ್ಲಾಂಟಾ ಅಂಚೆ ಮಾರ್ಗ ಶುರುವಾಗಿ ಎರಡೂವರೆ ತಿಂಗಳೂ ಆಗಿರಲಿಲ್ಲ. ಕತ್ತಲನ್ನು ಅಲ್ಲಿ ಕಳೆದು, ದೀಪವಿಲ್ಲದ ಮೆಕ್ಸಿಕೊದ ಬೆಟ್ಟಗಳನ್ನು ಹಗಲಿನಲ್ಲಿ ದಾಟುವುದು ಜಾಣತನ.

ಆದರೆ ಬೇಸಿಗೆಯ ಗುಡುಗುಮೋಡಕ್ಕೂ ಅದರದೇ ವೇಳಾಪಟ್ಟಿ ಇದೆ. ಬೆಳಗಿನಿಂದ ಬಿಸಿಲಿಗೆ ಕಾದ ನೆಲ ತೇವದ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ. ಮೇಲೆ ಹೋದ ಆವಿ ಹನಿಯಾಗುವಾಗ ತನ್ನೊಳಗಿನ ಶಾಖ ಬಿಡುತ್ತದೆ, ಆ ಶಾಖಕ್ಕೆ ಗಾಳಿ ಇನ್ನಷ್ಟು ಏರುತ್ತದೆ. ನಡುಮಧ್ಯಾಹ್ನ ಹುಟ್ಟಿದ ಮೋಡ ಸಂಜೆಯ ಹೊತ್ತಿಗೆ ಹತ್ತು ಕಿಲೋಮೀಟರಿಗೂ ಎತ್ತರದ ಗೋಪುರ. ಅದರೊಳಗೆ ಒಂದು ಕಡೆ ಸೆಕೆಂಡಿಗೆ 15–20 ಮೀಟರ್ ವೇಗದಲ್ಲಿ ಗಾಳಿ ಮೇಲೇಳುತ್ತಿದ್ದರೆ, ಸ್ವಲ್ಪ ದೂರದಲ್ಲೇ ಮಳೆಯ ಭಾರಕ್ಕೆ ಸಿಕ್ಕ ತಣ್ಣನೆ ಗಾಳಿ ಕೆಳಕ್ಕೆ ಸುರಿಯುತ್ತಿರುತ್ತದೆ. ನಾವು ಮೇ ತಿಂಗಳ ಸಂಜೆ ಕಾಣುವ, ಮಳೆಗೆ ಮೊದಲು ಬಂದು ಧೂಳೆಬ್ಬಿಸಿ ಹೆಂಚು ಹಾರಿಸುವ ತಂಗಾಳಿಯಿದೆಯಲ್ಲ, ಅದು ಹೀಗೆ ಕೆಳಗೆ ಸುರಿದು ನೆಲಕ್ಕೆ ಬಡಿದು ಹರಡಿದ ಗಾಳಿಯೇ.

ಭಾರ ಹೊತ್ತ ವಿಮಾನವನ್ನು ಈಗ ಇದರೊಳಗೆ ಇಟ್ಟು ನೋಡಿ. ಸೆಕೆಂಡಿಗೆ ಎರಡು ಮೀಟರ್ ಏರಬಲ್ಲ ಯಂತ್ರ ಸೆಕೆಂಡಿಗೆ ಹತ್ತು ಮೀಟರ್ ಇಳಿಯುವ ಗಾಳಿಗೆ ಸಿಕ್ಕರೆ ಒಟ್ಟು ಎಂಟು ಮೀಟರಿನಂತೆ ಇಳಿಯುತ್ತದೆ. ಮುನ್ನೂರು ಮೀಟರ್ ಎತ್ತರದಲ್ಲಿದ್ದರೆ ನೆಲಕ್ಕೆ ನಲವತ್ತು ಸೆಕೆಂಡೂ ಇಲ್ಲ. ಎಂಜಿನ್ ಪೂರ್ತಿ ಬಿಟ್ಟರೂ, ಮೂತಿ ಎತ್ತಿದರೂ ಪ್ರಯೋಜನವಿಲ್ಲ. ಮೂತಿ ಎತ್ತಿದರೆ ವೇಗ 107ರ ಕಡೆಗೆ ಕುಸಿಯುತ್ತದೆ. ತಪ್ಪಿಸಿಕೊಳ್ಳಲು ಮೇಲೆ ಹೋಗೋಣವೆಂದರೆ ಆ ಎಂಜಿನ್ ಹತ್ತು ಕಿಲೋಮೀಟರ್ ಏರುವುದಿಲ್ಲ. ಕೆಳಗಿನಿಂದ ನುಸುಳೋಣವೆಂದರೆ ಮಳೆಯ ಪರದೆ, ಪೈನ್ ಮರಗಳ ತುದಿ. ಉಳಿದದ್ದು ಹಿಂದಿರುಗುವುದು ಅಥವಾ ಬಳಸಿ ಹೋಗುವುದು. ಕತ್ತಲು ಕವಿಯುವಾಗ ಯಾವುದು ಮೋಡ, ಯಾವುದು ಬರಿ ಆಕಾಶ ಎಂದು ಮಿಂಚು ಹೊಳೆದಾಗಷ್ಟೇ ಗೊತ್ತಾಗುತ್ತದೆ. ವಿಮಾನದಲ್ಲಿ ರೇಡಿಯೊ ಇಲ್ಲದ ಮೇಲೆ ಮುಂದೇನಿದೆ ಎಂದು ಯಾರೂ ಹೇಳುವಂತಿಲ್ಲ.

ಒಳಕಿವಿ ಹೇಳುವ ಸುಳ್ಳು

ಮೋಡದೊಳಗೆ ಗಾಳಿಗಿಂತ ದೊಡ್ಡ ಅಪಾಯ ಪೈಲಟ್‌ನ ತಲೆಯೊಳಗೇ ಇದೆ. ನಮ್ಮ ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತದ ಕೊಳವೆಗಳಿವೆ. ತಲೆ ತಿರುಗತೊಡಗಿದಾಗ ಕೊಳವೆ ಚಲಿಸುತ್ತದೆ, ದ್ರವ ಹಿಂದೆ ಬೀಳುತ್ತದೆ, ಆ ವ್ಯತ್ಯಾಸವನ್ನು ಮಿದುಳು ‘ತಿರುಗುತ್ತಿದ್ದೇನೆ’ ಎಂದು ಓದುತ್ತದೆ. ತಿರುಗುವುದು ಒಂದೇ ಸಮನಾಗಿ ಇಪ್ಪತ್ತು ಸೆಕೆಂಡು ಮುಂದುವರಿದರೆ ದ್ರವವೂ ಕೊಳವೆಯ ವೇಗಕ್ಕೆ ಹೊಂದಿಕೊಳ್ಳುತ್ತದೆ. ಆಗ ಮಿದುಳಿಗೆ ಬರುವ ಸುದ್ದಿ: ‘ನೆಟ್ಟಗಿದ್ದೇನೆ’. ಬಹಳ ನಿಧಾನವಾಗಿ ವಾಲಿದರೆ ಮೊದಲ ಸುದ್ದಿಯೂ ಬರುವುದಿಲ್ಲ. ಹಗಲಿನಲ್ಲಿ ಕಣ್ಣು ದಿಗಂತ ನೋಡಿ ಈ ಸುಳ್ಳನ್ನು ತಿದ್ದುತ್ತದೆ. ಮೋಡದೊಳಗೆ ದಿಗಂತವೇ ಇಲ್ಲ.

ಮುಂದೆ ಆಗುವುದು ಬಹುತೇಕ ಒಂದೇ ಬಗೆ. ಒಂದು ರೆಕ್ಕೆ ಗೊತ್ತಾಗದಂತೆ ಬಾಗುತ್ತದೆ, ವಿಮಾನ ಸುತ್ತತೊಡಗುತ್ತದೆ, ಮೂತಿ ಇಳಿಯುತ್ತದೆ. ಪೈಲಟ್‌ಗೆ ಕಾಣುವುದು ವೇಗ ಏರುತ್ತಿದೆ, ಎತ್ತರ ಇಳಿಯುತ್ತಿದೆ ಎಂಬುದು. ನೆಟ್ಟಗೆ ಹಾರುತ್ತಿದ್ದೇನೆಂದು ನಂಬಿದವನು ಸಹಜವಾಗಿ ವಿಮಾನ ನಡೆಸುವ ಕೋಲನ್ನು ತನ್ನತ್ತ ಎಳೆಯುತ್ತಾನೆ. ವಾಲಿದ ವಿಮಾನದಲ್ಲಿ ಹಾಗೆ ಎಳೆದರೆ ಮೂತಿ ಮೇಲೇಳುವುದಿಲ್ಲ, ಸುತ್ತು ಇನ್ನಷ್ಟು ಬಿಗಿಯಾಗುತ್ತದೆ. 60 ಡಿಗ್ರಿ ವಾಲಿ ಸುತ್ತುವಾಗ ರೆಕ್ಕೆಯ ಮೇಲೆ ವಿಮಾನದ ತೂಕದ ಎರಡು ಪಟ್ಟು ಭಾರ, 75 ಡಿಗ್ರಿಗೆ ನಾಲ್ಕರ ಹತ್ತಿರ. ಮರ ಮತ್ತು ಬಟ್ಟೆಯ ರೆಕ್ಕೆಗೆ ಅದರ ಮೇಲೆ ಗಾಳಿಯ ಏಟು ಬೇರೆ. ಒಂದೋ ಸುರುಳಿಯಾಗಿ ನೆಲ ಮುಟ್ಟುತ್ತದೆ, ಇಲ್ಲವೇ ಗಾಳಿಯಲ್ಲೇ ಮುರಿಯುತ್ತದೆ.

ಇದು ಎಷ್ಟು ಬೇಗ ಆಗುತ್ತದೆ ಎಂದು 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಅಳೆದು ನೋಡಿದರು. ಉಪಕರಣ ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿಯನ್ನು ಕೃತಕವಾಗಿ ಮೋಡದ ಸ್ಥಿತಿಗೆ ದೂಡಿದಾಗ ಇಪ್ಪತ್ತೂ ಮಂದಿ ನಿಯಂತ್ರಣ ಕಳೆದುಕೊಂಡರು. ಸರಾಸರಿ ಸಮಯ 178 ಸೆಕೆಂಡು, ಮೂರು ನಿಮಿಷಕ್ಕೆ ಎರಡು ಸೆಕೆಂಡು ಕಮ್ಮಿ.

1928ರಲ್ಲಿ ಇದಕ್ಕೆ ಮದ್ದೇ ಇರಲಿಲ್ಲವೆಂದಲ್ಲ, ಅರ್ಧ ಮದ್ದಿತ್ತು. ಟರ್ನ್ ಇಂಡಿಕೇಟರ್ ಎಂಬ ಉಪಕರಣದಲ್ಲಿ ಗಾಳಿಯಿಂದ ತಿರುಗುವ ಬುಗುರಿಯೊಂದು ಮುಳ್ಳನ್ನು ನಡೆಸುತ್ತದೆ. ವಿಮಾನ ಎಡಕ್ಕೆ ಸುತ್ತಿದರೆ ಮುಳ್ಳು ಎಡಕ್ಕೆ. ಕೆಳಗೆ ಬಾಗಿದ ಗಾಜಿನ ಕೊಳವೆಯಲ್ಲಿ ಒಂದು ಗುಂಡು. ಅಡ್ಡಜಾರಿದರೆ ಅದು ಪಕ್ಕಕ್ಕೆ ಉರುಳುತ್ತದೆ. ಇದನ್ನು ಬಳಸುವ ಕ್ರಮವನ್ನು ಆಮೇಲಿನ ವರ್ಷಗಳಲ್ಲಿ ಪೈಲಟ್‌ಗಳು ಬಾಯಿಪಾಠ ಮಾಡಿದರು: ಮೊದಲು ಕಾಲಿನ ರಡ್ಡರ್ ಒತ್ತಿ ಮುಳ್ಳನ್ನು ನಡುವಿಗೆ ತಾ, ಆಮೇಲೆ ಕೋಲನ್ನು ಪಕ್ಕಕ್ಕೆ ಸರಿಸಿ ಗುಂಡನ್ನು ನಡುವಿಗೆ ತಾ, ಕೊನೆಗೆ ಕೋಲನ್ನು ಹಿಂದೆ ಮುಂದೆ ಮಾಡಿ ವೇಗ ಸರಿಪಡಿಸು. ಇದೇ ಅನುಕ್ರಮದಲ್ಲಿ, ಮತ್ತೆ ಮತ್ತೆ. ಮೊದಲೇ ಕೋಲು ಎಳೆದರೆ ಮೇಲೆ ಹೇಳಿದ ಸುರುಳಿ ಕಾದಿದೆ.

ತೊಡಕೆಂದರೆ, ಮುಳ್ಳು ಎಷ್ಟು ವೇಗವಾಗಿ ಸುತ್ತುತ್ತಿದ್ದೀ ಎಂದು ಹೇಳುತ್ತದೆಯೇ ಹೊರತು ಎಷ್ಟು ವಾಲಿದ್ದೀ, ಮೂತಿ ಎಲ್ಲಿದೆ ಎಂದು ಹೇಳುವುದಿಲ್ಲ. ಶಾಂತ ಮೋಡದಲ್ಲಿ ಅಭ್ಯಾಸವಿದ್ದವನು ಅದರಿಂದಲೇ ಊಹಿಸಿಕೊಂಡಾನು. ಗುಡುಗುಮೋಡದ ಕುಲುಕಾಟದಲ್ಲಿ ಮುಳ್ಳು ಎಡಬಲಕ್ಕೆ ಬಡಿದಾಡುತ್ತದೆ, ಸರಾಸರಿ ಎಲ್ಲಿದೆ ಎಂದು ಕಣ್ಣು ಹಿಡಿಯಲಾರದು. ದಿಕ್ಸೂಚಿ ಸಹಾಯಕ್ಕೆ ಬಾರದು. ಭೂಮಿಯ ಕಾಂತಬಲ ಆ ಅಕ್ಷಾಂಶದಲ್ಲಿ ಅಡ್ಡಲಾಗಿ ಎಳೆಯುವುದಕ್ಕಿಂತ ಕೆಳಕ್ಕೇ ಹೆಚ್ಚು ಎಳೆಯುತ್ತದೆ. ವಿಮಾನ ವಾಲಿದ ಕೂಡಲೇ ದಿಕ್ಸೂಚಿಯ ಮುಳ್ಳು ಸುಳ್ಳು ಹೇಳತೊಡಗುತ್ತದೆ. ಎತ್ತರಮಾಪಕವೋ, ಗಾಳಿಯ ಒತ್ತಡ ಅಳೆಯುವಂಥದ್ದು. ಬಿರುಗಾಳಿಯಲ್ಲಿ ಒತ್ತಡವೇ ಏರಿಳಿದರೆ ಅದರ ಸೂಜಿಯನ್ನು ಎಷ್ಟು ನಂಬುವುದು?

ಕರಾನ್ಸಾನ ಕೊನೆಯ ನಿಮಿಷಗಳನ್ನು ಕಂಡವರಿಲ್ಲ. ಗುಡುಗುಮಳೆ ಇತ್ತು, ಕತ್ತಲಿತ್ತು, ಟ್ಯಾಂಕು ತುಂಬಿತ್ತು, ಕೆಳಗೆ ದೀಪವಿಲ್ಲದ, ಜನವಸತಿ ಕಡಿಮೆಯಿರುವ ಮರಳುನೆಲದ ಕಾಡು. ಮೂರ್ಸ್‌ವಿಲ್‌ನಲ್ಲಿ ಮಾಡಿದಂತೆ ಇಳಿಯೋಣವೆಂದರೂ ಬಯಲೆಲ್ಲಿ? ಗಾಳಿ ಕೆಳಕ್ಕೆ ಒತ್ತಿತೋ, ಸುರುಳಿಗೆ ಸಿಕ್ಕಿತೋ, ಇಳಿಯುವ ಜಾಗ ಹುಡುಕುತ್ತ ಮರಕ್ಕೆ ತಗುಲಿತೋ. ಮೂರಕ್ಕೂ ದಾರಿ ತೆರೆದದ್ದು ಕಾಣದಿರುವುದು.

ಹದಿನಾಲ್ಕು ತಿಂಗಳ ನಂತರ, ಅದೇ ಬಯಲಿನಲ್ಲಿ

ರೂಸ್‌ವೆಲ್ಟ್ ಫೀಲ್ಡ್‌ನ ನೆರೆಯಲ್ಲೇ ಮಿಚೆಲ್ ಫೀಲ್ಡ್ ಎಂಬ ಸೈನಿಕ ಮೈದಾನವಿತ್ತು. 1929ರ ಸೆಪ್ಟೆಂಬರ್ 24ರಂದು ಅಲ್ಲಿ ಅಮೆರಿಕದ ಸೈನಿಕ ಪೈಲಟ್ ಜೇಮ್ಸ್ ಡೂಲಿಟಲ್ ಕಾಕ್‌ಪಿಟ್‌ಗೆ ಮುಸುಕು ಹಾಕಿಸಿಕೊಂಡು, ಹೊರಗೆ ಏನೂ ಕಾಣದಂತೆ, ಮೇಲೆದ್ದು ಸುತ್ತು ಹೊಡೆದು ಇಳಿದ. ಮುಂದಿನ ಸೀಟಿನಲ್ಲಿ ಸುರಕ್ಷತೆಗೆಂದು ಬೆನ್ ಕೆಲ್ಸಿ ಕುಳಿತಿದ್ದ, ಹಿಡಿಕೆ ಮುಟ್ಟಲಿಲ್ಲ. ಡೂಲಿಟಲ್‌ನ ಮುಂದಿದ್ದ ಹೊಸ ಸಾಮಾನುಗಳಲ್ಲಿ ಮುಖ್ಯವಾದವು ಮೂರು. ಸ್ಪೆರಿಯವರ ಕೃತಕ ದಿಗಂತದಲ್ಲಿ ಬುಗುರಿಯೊಂದು ಅಡ್ಡಗೆರೆಯನ್ನು ಯಾವಾಗಲೂ ನೆಲಕ್ಕೆ ಸಮವಾಗಿ ಹಿಡಿದಿರುತ್ತದೆ. ವಿಮಾನ ಎಷ್ಟು ವಾಲಿದೆ, ಮೂತಿ ಮೇಲೋ ಕೆಳಗೋ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ವಾಲಿದರೂ ಗೊಂದಲಕ್ಕೆ ಬೀಳದೆ ದಿಕ್ಕು ತೋರಿಸುವ ಡೈರೆಕ್ಷನಲ್ ಜೈರೊ ಎರಡನೆಯದು. ಕೋಲ್ಸ್‌ಮನ್ನನ ಸೂಕ್ಷ್ಮ ಎತ್ತರಮಾಪಕ ಮೂರನೆಯದು. ಇವುಗಳ ಜೊತೆಗೆ ನೆಲದಿಂದ ಬರುವ ರೇಡಿಯೊ ದಾರಿದೀಪ. ಕೃತಕ ದಿಗಂತ ಇದ್ದಿದ್ದರೆ ಕರಾನ್ಸಾ ಬದುಕುತ್ತಿದ್ದ ಎನ್ನಲಾಗದು; ಗುಡುಗುಮೋಡದ ಗಾಳಿಗೆ ಇಂದಿನ ಜೆಟ್‌ಗಳೂ ಹೆದರಿ ಬಳಸಿ ಹೋಗುತ್ತವೆ. ಆದರೆ ಮೋಡದೊಳಗೆ ತಾನು ನೆಟ್ಟಗಿದ್ದೇನೋ ಇಲ್ಲವೋ ಎಂಬುದಾದರೂ ಅವನಿಗೆ ತಿಳಿಯುತ್ತಿತ್ತು.

ಅವನು ಬಿಟ್ಟ ಹಾದಿಯನ್ನು ಇನ್ನೊಬ್ಬ ಮೆಕ್ಸಿಕನ್ ಸೈನಿಕ ಪೈಲಟ್ ರೊಬೆರ್ತೊ ಫಿಯೆರೊ 1930ರ ಜೂನಿನಲ್ಲಿ ಪೂರೈಸಿದ. ನ್ಯೂಯಾರ್ಕಿನಿಂದ ಮೆಕ್ಸಿಕೊ ನಗರಕ್ಕೆ ನಿಲ್ಲದೆ, ಹದಿನಾರೂವರೆ ಗಂಟೆಯಲ್ಲಿ. ವಿಮಾನ ಲಾಕ್‌ಹೀಡ್ ಸಿರಿಯಸ್, ಸರಾಸರಿ ವೇಗ 200 ಕಿ.ಮೀ. ದಾಟಿತ್ತು. ವೇಗ ಹೆಚ್ಚಿದರೆ ಗಾಳಿಯಲ್ಲಿರುವ ಹೊತ್ತು ಕಡಿಮೆ, ಕತ್ತಲೂ ಕಡಿಮೆ. ಎಲ್ಲ ಒಂದಕ್ಕೊಂದು ಕೊಂಡಿ. ಆ ವಿಮಾನದ ಹೆಸರು ‘ಅನಾವಾಕ್’, ಹಳೆಯ ಮರದ ಪ್ರೊಪೆಲರಿನದೇ ಹೆಸರು. ಅದೇ ವರ್ಷದ ಮೇ ತಿಂಗಳಲ್ಲಿ ಪಾಬ್ಲೊ ಸಿದಾರ್ ಮತ್ತು ಕಾರ್ಲೊಸ್ ರೊವಿರೋಸಾ ಬ್ಯೂನಸ್ ಐರಿಸ್‌ಗೆ ಹೊರಟು ಕೋಸ್ಟರಿಕಾದ ಕರಾವಳಿಯಲ್ಲಿ ಬಿರುಮಳೆಗೆ ಸಿಕ್ಕಿ ಸತ್ತಿದ್ದರು. 1939ರಲ್ಲಿ ಮೆಕ್ಸಿಕೊ ನಗರ–ನ್ಯೂಯಾರ್ಕ್ ದೂರವನ್ನು ಹನ್ನೊಂದು ಗಂಟೆಯೊಳಗೆ ದಾಟಿದ ಫ್ರಾನ್ಸಿಸ್ಕೊ ಸರಾಬಿಯಾ, ಹಿಂದಿರುಗಲು ವಾಷಿಂಗ್ಟನ್ನಿನಲ್ಲಿ ಏರಿದ ಕೂಡಲೇ ಅನಕೋಸ್ಟಿಯಾ ನದಿಗೆ ಬಿದ್ದು ಸತ್ತ. ಎಂಜಿನ್ನಿನ ಬಳಿ ಉಳಿದಿದ್ದ ಬಟ್ಟೆಚೂರೊಂದು ಕಾರ್ಬುರೇಟರಿನ ಬಾಯಿಗೆ ಎಳೆದುಕೊಂಡಿತ್ತು. ಒರೆಸುವ ಬಟ್ಟೆಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸು ಪಡೆಯುವ ವಿಮಾನ ವರ್ಕ್‌ಶಾಪುಗಳ ಕಟ್ಟುನಿಟ್ಟು ಯಾಕೆಂದು ಕೇಳುವವರಿಗೆ ಈ ಒಂದು ಉದಾಹರಣೆ ಸಾಕು.

ಕರಾನ್ಸಾನ ದೇಹವನ್ನು ಕಾಡಿನಿಂದ ಹೊತ್ತು ತಂದವರು ಹತ್ತಿರದ ಮೌಂಟ್ ಹಾಲಿ ಊರಿನ ಮಾಜಿ ಸೈನಿಕರ ಸಂಘದವರು. ಅಲ್ಲಿಂದ ಮುಂದಿನ ದಾರಿ ಸೈನಿಕ ಗೌರವದೊಂದಿಗೆ, ರೈಲಿನಲ್ಲಿ. ಆ ನಡುವೆಯೇ, ಅವನು ಸತ್ತ ಐದನೇ ದಿನ ಜುಲೈ 17ರಂದು, ಮತ್ತೆ ಅಧ್ಯಕ್ಷನಾಗಿ ಆಯ್ಕೆಯಾಗಿದ್ದ ಒಬ್ರೆಗೊನ್ ಮೆಕ್ಸಿಕೊ ನಗರದ ಊಟದ ಮನೆಯೊಂದರಲ್ಲಿ ಗುಂಡಿಗೆ ಬಲಿಯಾದ. ಎರಡೆರಡು ಸಾವಿನ ಸೂತಕದ ನಡುವೆ ದೊಲೊರೆಸ್ ಸ್ಮಶಾನದಲ್ಲಿ, ದೇಶದ ಗಣ್ಯರಿಗೆ ಮೀಸಲಾದ ವೃತ್ತದಲ್ಲಿ ಕರಾನ್ಸಾನನ್ನು ಮಣ್ಣು ಮಾಡಿದರು.

ಬಿದ್ದ ಜಾಗ ಈಗ ನ್ಯೂಜೆರ್ಸಿಯ ವಾರ್ಟನ್ ಕಾಯ್ದಿಟ್ಟ ಅರಣ್ಯದೊಳಗೆ, ಟ್ಯಾಬರ್ನೇಕಲ್ ಊರಿನ ಸರಹದ್ದಿನಲ್ಲಿದೆ. ಮೆಕ್ಸಿಕೊದ ಶಾಲಾಮಕ್ಕಳು ಕೂಡಿಸಿದ ಕಾಸಿನಿಂದ ನಿಲ್ಲಿಸಿದ ಹನ್ನೆರಡಡಿ ಎತ್ತರದ ಕಲ್ಲುಕಂಬವೊಂದು ಪೈನ್ ಮರಗಳ ನಡುವೆ ಒಂಟಿಯಾಗಿದೆ. ಅದರ ಮೇಲೆ ಅಜ್ಟೆಕ್ ಶೈಲಿಯಲ್ಲಿ ಕೆತ್ತಿದ ಹದ್ದು ತಲೆ ಕೆಳಗಾಗಿ ಬೀಳುತ್ತಿದೆ. ಪ್ರತಿ ಜುಲೈನ ಎರಡನೇ ಶನಿವಾರ ಮೌಂಟ್ ಹಾಲಿಯ ಅದೇ ಸಂಘದವರೂ ಮೆಕ್ಸಿಕೊದ ಅಧಿಕಾರಿಗಳೂ ಅಲ್ಲಿ ಸೇರಿ ಹೂವಿಡುತ್ತಾರೆ.